ಮುಟ್ಟು ಸರಿ ಹೋಗ್ಬೇಕಾ? ಮೊದಲು ಕ್ಯಾಲೆಂಡರ್ ತಗೊಳ್ಳಿ, ಆಮೇಲೆ ಕಷಾಯ

ನಾನು ದೊಡ್ಡವಳಾದಾಗ ಅಜ್ಜಿ ಚಿಗಳಿ ಮಾಡಿದ್ರು, ಕರಿ ಎಳ್ಳು ಹುರಿದು ಬೆಲ್ಲ ಸೇರಿಸಿ ಒರಳಲ್ಲಿ ಕುಟ್ಟಿ ಉಂಡೆ ಕಟ್ಟಿ, ಜೊತೆಗೆ ಒಣಕೊಬ್ಬರಿ, "ತಿನ್ನು, ಸೊಂಟ ಗಟ್ಟಿ ಆಗತ್ತೆ" ಅಂತ. ಆರತಿ ಮಾಡಿದ್ರು, ಹೊಸ ಲಂಗ ಕೊಡಿಸಿದ್ರು. ಆದ್ರೆ ಎಷ್ಟು ದಿನಕ್ಕೊಂದ್ಸಲ ಬರ್ಬೇಕು, ಎಷ್ಟು ಹೋದ್ರೆ ಜಾಸ್ತಿ, ಯಾವ ನೋವಿಗೆ ಡಾಕ್ಟರ್ ಹತ್ರ ಹೋಗ್ಬೇಕು, ಇದ್ಯಾವುದನ್ನೂ ಯಾರೂ ಹೇಳ್ಲಿಲ್ಲ, ಯಾಕಂದ್ರೆ ಅವರಿಗೂ ಯಾರೂ ಹೇಳಿರ್ಲಿಲ್ಲ. ಅಮ್ಮನಿಗೂ ಅಕ್ಕನಿಗೂ ಜಾಸ್ತಿನೇ ಹೋಗ್ತಿತ್ತು, ಹಾಗಾಗಿ ನನಗೂ ಹೋಗ್ತಿದೆ ಅಂದ್ಕೊಂಡು ಎಂಟು ವರ್ಷ ಮೆಂತ್ಯ ನೀರು, ಜೀರಿಗೆ ಕಷಾಯ, ಯಾರ್ಯಾರು ಏನೇನು ಹೇಳಿದ್ರೋ ಎಲ್ಲಾ ಕುಡಿದೆ. 26ನೇ ವಯಸ್ಸಲ್ಲಿ ಮೆಟ್ಟಿಲು ಹತ್ತೋವಾಗ ಕಣ್ಣು ಕತ್ತಲೆ ಬಂದು ಕೂತೆ, ಚೆಕ್ ಮಾಡಿಸಿದ್ರೆ ಹಿಮೋಗ್ಲೋಬಿನ್ 7.8.

ಕಷಾಯ ನನಗೇನೂ ಕೆಟ್ಟದ್ದು ಮಾಡ್ಲಿಲ್ಲ. ಆದ್ರೆ ಮೈಯಲ್ಲಿ ಏನಾಗ್ತಿದೆ ಅಂತ ಗೊತ್ತಿಲ್ಲದೆ ಮದ್ದು ಮಾಡ್ತಾ ಕೂತಿದ್ದಕ್ಕೆ ಎಂಟು ವರ್ಷ ಹೋಯ್ತು. ಅದಕ್ಕೇ ಕೆಳಗಿನ ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ ಅಂತ ಕೇಳ್ಕೋತಿದೀನಿ, ಮನೆಮದ್ದಿನ ಹಂತಕ್ಕೆ ನೇರವಾಗಿ ಹಾರ್ಬೇಡಿ.

ಹಂತ 1: ಮೂರು ತಿಂಗಳು ಬರೆದಿಡಿ

ಅಡುಗೆ ಮನೆ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು ಎಲ್ಲಾ ಬರೀತೀವಲ್ಲ, ಅದೇ ಜಾಗದಲ್ಲಿ ಇದನ್ನೂ ಬರೀಬಹುದು. ಗೋಡೆ ಮೇಲೆ ಬೇಡ ಅನ್ಸಿದ್ರೆ ಸಣ್ಣ ಡೈರಿ ಇಲ್ಲಾ ಫೋನ್ ಆ್ಯಪ್. ಏನೇನು ಬರೀಬೇಕು ಅಂದ್ರೆ, ಸರಿಯಾಗಿ ಹರಿವು ಶುರುವಾದ ದಿನ (ಒಂದೆರಡು ಹನಿ ಕಂಡ ದಿನ ಅಲ್ಲ), ಎಷ್ಟು ದಿನ ಹೋಯ್ತು, ದಿನಕ್ಕೆ ಎಷ್ಟು ಪ್ಯಾಡ್, ಗಡ್ಡೆ ಗಡ್ಡೆಯಾಗಿ ಹೋಯ್ತಾ, ನೋವು ಹತ್ತಕ್ಕೆ ಎಷ್ಟು, ಮಾತ್ರೆ ತಗೊಂಡ್ರಾ, ನಿದ್ದೆ ಹೇಗಿತ್ತು.

ಲೆಕ್ಕ ಹಾಕೋದರಲ್ಲೇ ತುಂಬಾ ಜನ ತಪ್ಪು ಮಾಡ್ತಾರೆ. ಮುಟ್ಟು ನಿಂತ ದಿನದಿಂದ ಮುಂದಿನ ಮುಟ್ಟಿನವರೆಗೆ ಎಣಿಸಿ "ನಂಗೆ 22 ದಿನಕ್ಕೇ ಬಂದ್ಬಿಡತ್ತೆ" ಅಂತ ಗಾಬರಿ ಆಗ್ತಾರೆ. ಮೊದಲ ದಿನದಿಂದ ಮುಂದಿನ ಸಲದ ಮೊದಲ ದಿನಕ್ಕೆ ಎಣಿಸ್ಬೇಕು. ಅದು 21ರಿಂದ 35 ದಿನದೊಳಗೆ ಇದ್ರೆ ಸಹಜ, ಈಗಷ್ಟೇ ಶುರುವಾದ ಹುಡುಗೀರಿಗೆ ಮೊದಲ ಎರಡು ಮೂರು ವರ್ಷ 45 ದಿನದವರೆಗೂ ಹೋಗಬಹುದು. ಪ್ರತಿ ತಿಂಗಳು ಕರೆಕ್ಟಾಗಿ 28 ದಿನಕ್ಕೇ ಆಗ್ಬೇಕು ಅಂತೇನಿಲ್ಲ, ಒಂದ್ಸಲ 27, ಇನ್ನೊಂದ್ಸಲ 31 ಆದ್ರೆ ಅದು ಏರುಪೇರಲ್ಲ.

ರಕ್ತದ ಪ್ರಮಾಣ ಸಾಮಾನ್ಯವಾಗಿ ಒಂದು ಮುಟ್ಟಿಗೆ ಒಟ್ಟು 30–40 ಮಿ.ಲೀ., ಅಂದ್ರೆ ಎರಡು ಮೂರು ದೊಡ್ಡ ಚಮಚ ಅಷ್ಟೇ. 80 ಮಿ.ಲೀ. ದಾಟಿದ್ರೆ ಜಾಸ್ತಿ. ಮುಟ್ಟಿನ ಕಪ್ (ರಕ್ತ ಹಿಡಿಯೋಕೆ ಒಳಗೆ ಇಡೋ ಮೆತ್ತನೆ ಬಟ್ಟಲು) ಹಾಕೋರಿಗೆ ಅದರ ಗೆರೆ ನೋಡಿದ್ರೆ ಗೊತ್ತಾಗತ್ತೆ, ಪ್ಯಾಡ್ ಹಾಕೋರು ಅಳೆಯೋಕಾಗಲ್ಲ, ಹಾಗಾಗಿ ಬೇರೆ ಗುರುತು ನೋಡಿ: ಒಂದೆರಡು ಗಂಟೆಗೇ ಪ್ಯಾಡ್ ತುಂಬತ್ತಾ, ಒಂದರ ಮೇಲೊಂದು ಎರಡು ಪ್ಯಾಡ್ ಇಡ್ತೀರಾ, ಬೆಡ್‌ಶೀಟ್ ಭಯಕ್ಕೆ ರಾತ್ರಿ ಎದ್ದು ಬದಲಾಯಿಸ್ತೀರಾ, ದೊಡ್ಡ ನಾಣ್ಯದಷ್ಟು ಗಡ್ಡೆ ಬೀಳತ್ತಾ, ಎಂಟನೇ ದಿನಾನೂ ನಿಂತಿಲ್ವಾ. ನನಗೆ ಇದರಲ್ಲಿ ನಾಲ್ಕು ಇತ್ತು, ನಾನು ಅದನ್ನ ನಾರ್ಮಲ್ ಅಂದ್ಕೊಂಡಿದ್ದೆ.

ಇನ್ನೊಂದು ವಿಷಯ ಇಲ್ಲೇ ಹೇಳ್ಬೇಕು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಅಂಡ ಬಿಡುಗಡೆ ಆಗತ್ತೆ, ಆ ಹೊತ್ತಲ್ಲಿ ಕೋಳಿಮೊಟ್ಟೆಯ ಬಿಳಿ ಭಾಗದ ತರ ಜಾರೋ, ಎಳೆದ್ರೆ ಎಳೆ ಬರೋ ದ್ರವ ಹೋಗತ್ತೆ. ಅದು ಕಾಯಿಲೆ ಅಲ್ಲ, ನಿಮ್ಮ ಹಾರ್ಮೋನು ಕೆಲಸ ಮಾಡ್ತಿದೆ ಅನ್ನೋದಕ್ಕೆ ಗುರುತು, ಅದನ್ನೂ ಕ್ಯಾಲೆಂಡರಲ್ಲಿ ಬರೀರಿ. ನಮ್ ಕಡೆ ಬಿಳಿ ಹೋದ್ರೆ ಮೂಳೆ ಕರಗಿ ಹೋಗ್ತಿದೆ ಅಂತ ಹೆದರಿಸ್ತಾರೆ, ಎಷ್ಟೋ ಹೆಂಗಸರು ಇದೇ ಚಿಂತೇಲಿ ಸೊರಗಿ ಹೋಗಿದಾರೆ. ಮೂಳೆ ಕರಗಿ ಹೀಗೆ ಹೊರಗೆ ಬರಲ್ಲ. ತುರಿಕೆ, ಕೆಟ್ಟ ವಾಸನೆ, ಮೊಸರು ಒಡೆದ ತರ ಇಲ್ಲಾ ಹಸಿರು ಹಳದಿ ಬಣ್ಣ ಇದ್ರೆ ಅದು ಇನ್ಫೆಕ್ಷನ್, ಅದಕ್ಕೆ ಔಷಧಿ ಬೇಕು.

ಹಂತ 2: ಎರಡು ಮೂರು ಟೆಸ್ಟ್ ಸಾಕು

ಹಾರ್ಮೋನ್ ಬ್ಯಾಲೆನ್ಸ್ ಅಂದ್ರೆ ತಕ್ಕಡಿ ತರ ಎರಡೂ ಕಡೆ ಸಮ ಇರೋದು ಅಂತ ಅಂದ್ಕೋತೀವಿ. ಹಾಗಲ್ಲ. ಮೊದಲರ್ಧದಲ್ಲಿ ಈಸ್ಟ್ರೋಜನ್ ಏರತ್ತೆ, ಅಂಡ ಬಿಟ್ಟ ಮೇಲೆ ಪ್ರೊಜೆಸ್ಟರೋನ್ ಏರತ್ತೆ, ಎರಡೂ ಇಳಿದಾಗ ಮುಟ್ಟು ಬರತ್ತೆ, ಏರಿ ಇಳಿಯೋದೇ ಅದರ ಆರೋಗ್ಯ. ಈ ಏರಿಳಿತಕ್ಕೆ ಮೆದುಳು, ಅಂಡಾಶಯ, ಥೈರಾಯ್ಡ್, ಇನ್ಸುಲಿನ್ ಎಲ್ಲಾ ಸೇರಿ ಕೆಲಸ ಮಾಡ್ತವೆ, ಒಂದು ಕಡೆ ತೊಂದರೆ ಆದ್ರೂ ಅದು ಮುಟ್ಟಲ್ಲಿ ಕಾಣತ್ತೆ. ಹಾಗಾಗಿ ಹಿಮೋಗ್ಲೋಬಿನ್, ಆಗೋದಾದ್ರೆ ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸೋದು), ಥೈರಾಯ್ಡಿಗೆ ಟಿಎಸ್‌ಎಚ್, ಇಷ್ಟರಿಂದ ಶುರು ಮಾಡಿ. ಮುಟ್ಟು ತಡ ಆಗಿದ್ರೆ, ಮದುವೆಯಾಗಿರ್ಲಿ ಬಿಡ್ಲಿ, ಗರ್ಭದ ಸಾಧ್ಯತೆ ಸ್ವಲ್ಪ ಇದ್ರೂ ಮೊದಲು ಮೆಡಿಕಲ್ ಶಾಪಿನ ಪ್ರೆಗ್ನೆನ್ಸಿ ಕಿಟ್. ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು), ಸ್ಕ್ಯಾನಿಂಗ್ ಇವೆಲ್ಲಾ ಡಾಕ್ಟರ್ ನಿಮ್ಮ ಕ್ಯಾಲೆಂಡರ್ ನೋಡಿ ಬೇಕು ಅಂದಾಗ ಮಾತ್ರ. ಸಾವಿರಾರು ರೂಪಾಯಿಯ ಹಾರ್ಮೋನ್ ಪ್ಯಾಕೇಜ್ ಮಾಡಿಸಿ ಆಮೇಲೆ ಆ ನಂಬರ್ ನೋಡಿ ಹೆದರ್ಕೊಳ್ಳೋದು ಬೇಡ, ಎಷ್ಟೋ ಹಾರ್ಮೋನು ಮುಟ್ಟಿನ ಎಷ್ಟನೇ ದಿನ ರಕ್ತ ಕೊಟ್ರಿ ಅನ್ನೋದರ ಮೇಲೆ ಬದಲಾಗತ್ತೆ.

ಹಂತ 3: ರಕ್ತ ತುಂಬಿಸ್ಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಗಮನ ಇಲ್ಲಿ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ ಅಂತ ಬಂತು, ಅಂದ್ರೆ ಅರ್ಧಕ್ಕಿಂತ ಜಾಸ್ತಿ. ಗರ್ಭಿಣಿ ಅಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರ್ಬೇಕು. ಸುಸ್ತು, ಕೂದಲು ಉದುರೋದು, ಸಿಟ್ಟು, ಎದೆ ಡವಡವ, ಇದನ್ನೆಲ್ಲಾ ನಾವು "ಹಾರ್ಮೋನು ಸರಿ ಇಲ್ಲ" ಅಂತೀವಿ, ಎಷ್ಟೋ ಸಲ ಅದು ಬರೀ ಕಬ್ಬಿಣದ ಕೊರತೆ ಆಗಿರತ್ತೆ.

ಕೆಂಪಗಿರೋದೆಲ್ಲಾ ರಕ್ತ ಆಗಲ್ಲ, ಇದನ್ನ ನಾನು ಎಲ್ಲರಿಗೂ ಹೇಳ್ತಾ ಇರ್ತೀನಿ. ದಾಳಿಂಬೆ, ಬೀಟ್‌ರೂಟ್ ತಿನ್ನಿ, ಒಳ್ಳೇದೇ, ಆದ್ರೆ ಅದರಲ್ಲಿ ಕಬ್ಬಿಣ ತುಂಬಾ ಕಮ್ಮಿ, ನಾಲ್ಕು ತಿಂಗಳು ದಾಳಿಂಬೆ ಜ್ಯೂಸ್ ಕುಡಿದ್ರೂ ಹಿಮೋಗ್ಲೋಬಿನ್ ಅಲ್ಲೇ ಇರತ್ತೆ. ಕಬ್ಬಿಣ ಇರೋದು ಹುರುಳಿಕಾಳು, ಅಲಸಂದೆ, ಕಡಲೆಕಾಳು, ಎಳ್ಳು, ಹರಿವೆ ದಂಟು ನುಗ್ಗೆ ಸೊಪ್ಪುಗಳು, ಮಾಂಸ ತಿನ್ನೋರಿಗೆ ಮಟನ್ ಲಿವರ್. ಉತ್ತರ ಕರ್ನಾಟಕದ ಕಡೆ ಬಾಣಂತಿಗೆ ಕೊಡೋ ಅಳವಿ ಬೀಜದಲ್ಲೂ ಚೆನ್ನಾಗಿದೆ. ಹುರುಳಿ ಬಸ್ಸಾರು, ಸೊಪ್ಪಿನ ಪಲ್ಯ, ಮುದ್ದೆ, ಇದು ಹಳ್ಳಿ ಊಟ ಅಂತ ಬಿಟ್ಟೋರು ವಾಪಸ್ ತಗೊಳ್ಳಿ. ರಾಗೀಲಿ ಕ್ಯಾಲ್ಸಿಯಂ ಅಂತೂ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಇದೆ, ಕಬ್ಬಿಣ ನಾಲ್ಕೈದು ಮಿಲಿಗ್ರಾಂ ಇದ್ರೂ ಮೈಗೆ ಸರಿಯಾಗಿ ಹಿಡಿಯಲ್ಲ, ಮೊಳಕೆ ಬರಿಸಿ ಹಿಟ್ಟು ಮಾಡಿಸಿದ್ರೆ ಸ್ವಲ್ಪ ಜಾಸ್ತಿ ಹಿಡಿಯತ್ತೆ.

ತಿಂದಿದ್ದು ಮೈಗೆ ಹತ್ಬೇಕಂದ್ರೆ ಊಟದ ಜೊತೆ ಹುಳಿ ಇರ್ಲಿ: ನಿಂಬೆಹಣ್ಣು ಹಿಂಡಿ, ನೆಲ್ಲಿಕಾಯಿ, ಸೀಬೆ, ಕಿತ್ತಳೆ ತಿನ್ನಿ. ಮತ್ತೆ ನಮ್ಮ ಕಾಫಿ ಟೀ. ತಿಂಡಿ ಜೊತೆಗೇ ಲೋಟ ಹಿಡ್ಕೊಂಡು ಕೂರೋದು ಎಲ್ಲರ ಮನೆ ಅಭ್ಯಾಸ, ಆದ್ರೆ ಅದು ಕಬ್ಬಿಣ ಹೀರ್ಕೊಳ್ಳೋದನ್ನ ಚೆನ್ನಾಗಿ ತಡೆಯತ್ತೆ. ಬಿಡ್ಬೇಡಿ, ತಿಂಡಿಗೂ ಕಾಫಿಗೂ ಒಂದು ಗಂಟೆ ಅಂತರ ಇಡಿ, ಅಷ್ಟೇ. ಸಾರು, ಗೊಜ್ಜಿನಂಥ ಹುಳಿ ಅಡುಗೇನ ಕಬ್ಬಿಣದ ಬಾಣಲೇಲಿ ಮಾಡಿದ್ರೂ ಸ್ವಲ್ಪ ಕಬ್ಬಿಣ ಸೇರತ್ತೆ, ಆದ್ರೆ ಆದ ತಕ್ಷಣ ಬೇರೆ ಪಾತ್ರೆಗೆ ಬಗ್ಗಿಸ್ಕೊಳ್ಳಿ, ಇಲ್ಲಾಂದ್ರೆ ಕಪ್ಪಾಗತ್ತೆ.

ಹಿಮೋಗ್ಲೋಬಿನ್ 10, 9ಕ್ಕೆ ಇಳಿದಿದ್ರೆ ಊಟದಿಂದಲೇ ಎತ್ತೋಕಾಗಲ್ಲ, ಮಾತ್ರೆ ಬೇಕೇ ಬೇಕು. ಸರ್ಕಾರಿ ಶಾಲೆ, ಅಂಗನವಾಡೀಲಿ ಹದಿಹರೆಯದ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡ್ತಾರೆ, 60 ಮಿಲಿಗ್ರಾಂ ಕಬ್ಬಿಣ ಮತ್ತೆ ಫೋಲಿಕ್ ಆಸಿಡ್, ಮಗಳು ಅದನ್ನ ಕಿಟಕಿಯಿಂದ ಆಚೆ ಎಸೀತಿಲ್ಲ ತಾನೇ ಅಂತ ಒಂದ್ಸಲ ಕೇಳಿ. ಮಾತ್ರೆ ತಗೊಂಡಾಗ ಮಲ ಕಪ್ಪಗೆ ಹೋಗತ್ತೆ, ಹೊಟ್ಟೆ ಕಟ್ಟತ್ತೆ, ವಾಕರಿಕೆ ಬರತ್ತೆ, ಹೆದರ್ಬೇಡಿ. ತಡೆಯೋಕಾಗ್ಲಿಲ್ಲ ಅಂದ್ರೆ ನಿಲ್ಲಿಸ್ಬೇಡಿ, ದಿನ ಬಿಟ್ಟು ದಿನ ತಗೋಬಹುದಾ ಅಂತ ಡಾಕ್ಟರನ್ನ ಕೇಳಿ. ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆ ತಗೋಬೇಡಿ. ಮತ್ತೆ ಹಿಮೋಗ್ಲೋಬಿನ್ ಸರಿ ಆದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸ್ಬೇಕು, ಇಲ್ಲಾಂದ್ರೆ ದಾಸ್ತಾನು ತುಂಬಲ್ಲ. ನಾನು 12 ಬಂದ ತಕ್ಷಣ ಖುಷಿಯಲ್ಲಿ ಬಿಟ್ಟೆ, ಆರು ತಿಂಗಳಲ್ಲಿ ಮತ್ತೆ 9ಕ್ಕೆ ಬಂದೆ.

ಹಂತ 4: ಹೊಟ್ಟೆನೋವು

ಮುಟ್ಟಲ್ಲಿ ಗರ್ಭಕೋಶದ ಒಳಪದರ ಪ್ರೊಸ್ಟಾಗ್ಲ್ಯಾಂಡಿನ್ ಅನ್ನೋದನ್ನ ಬಿಡತ್ತೆ, ಅದು ಗರ್ಭಕೋಶವನ್ನ ಹಿಂಡಿಸತ್ತೆ, ಅದೇ ನೋವು. ವಾಂತಿ, ಭೇದಿ ಆಗೋದಕ್ಕೂ ಅದೇ ಕಾರಣ. ಇದು ಗೊತ್ತಿದ್ರೆ ಯಾವ ಮದ್ದು ಯಾಕೆ ಕೆಲಸ ಮಾಡತ್ತೆ ಅಂತ ಅರ್ಥ ಆಗತ್ತೆ.

ಬಿಸಿನೀರಿನ ಬ್ಯಾಗು. ಸುಮ್ನೆ ಸಮಾಧಾನಕ್ಕಲ್ಲ, ನಿಜವಾಗ್ಲೂ ಕೆಲಸ ಮಾಡತ್ತೆ. ಬಟ್ಟೆ ಸುತ್ತಿ ಕೆಳಹೊಟ್ಟೆ ಮೇಲೆ 20 ನಿಮಿಷ, ಚರ್ಮ ಸುಡದ ಹಾಗೆ.

ಶುಂಠಿ. ಮನೆಮದ್ದಲ್ಲಿ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ, ಯಾಕಂದ್ರೆ ಇದರ ಮೇಲೆ ಪ್ರಯೋಗಗಳೂ ಆಗಿವೆ, ಮುಟ್ಟಿನ ಮೊದಲ ಮೂರು ನಾಲ್ಕು ದಿನ ದಿನಕ್ಕೆ ಮುಕ್ಕಾಲರಿಂದ ಎರಡು ಗ್ರಾಂವರೆಗೆ ಒಣಶುಂಠಿ ಪುಡಿ ಕೊಟ್ಟು ನೋಡಿದಾರೆ, ನೋವು ಕಮ್ಮಿ ಆಗಿದೆ. ಅರ್ಧ ಟೀ ಚಮಚ ಶುಂಠಿ ಪುಡಿ, ಒಂದೂವರೆ ಲೋಟ ನೀರು, ಸ್ವಲ್ಪ ಜೀರಿಗೆ ಕೊತ್ತಂಬರಿ ಬೀಜ ಹಾಕಿ ಒಂದು ಲೋಟಕ್ಕೆ ಇಳಿಯೋವರೆಗೆ ಕುದಿಸಿ ಬೆಲ್ಲ ಹಾಕಿ, ಬೆಳಿಗ್ಗೆ ಅರ್ಧ ಸಂಜೆ ಅರ್ಧ. ನೋವು ಶುರುವಾಗೋ ಹಿಂದಿನ ದಿನದಿಂದಲೇ ಕುಡಿದ್ರೆ ಇನ್ನೂ ಒಳ್ಳೇದು, ಕ್ಯಾಲೆಂಡರ್ ಇದ್ರೆ ಹಿಂದಿನ ದಿನ ಯಾವುದು ಅಂತ ಗೊತ್ತಿರತ್ತೆ. ಹೊಟ್ಟೆ ಉರಿ ಇರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಬೇಡ.

ನಡೆಯೋದು. ಮುಟ್ಟಿನ ದಿನ ಅಲ್ಲ, ಇಡೀ ತಿಂಗಳು. ವಾರಕ್ಕೆ ಮೂರು ದಿನ 45 ನಿಮಿಷ ಬೆವರು ಬರೋ ಹಾಗೆ ನಡೆದ್ರೂ ಸರಿ, ಯೋಗ ಆದ್ರೂ ಸರಿ, ಎರಡು ಮೂರು ತಿಂಗಳಲ್ಲಿ ನೋವಿನ ನಂಬರ್ ಇಳಿಯೋದು ನಿಮ್ಮ ಡೈರೀಲೇ ಕಾಣತ್ತೆ. ಮುಟ್ಟಿನ ದಿನ ಬದ್ಧಕೋಣಾಸನ, ಶಶಾಂಕಾಸನ ಸಾಕು.

ಆಮೇಲೆ ಮಾತ್ರೆ. "ಮಾತ್ರೆ ತಿಂದ್ರೆ ಮುಂದೆ ಮಕ್ಕಳಾಗಲ್ಲ" ಅಂತ ಹೆಣ್ಣುಮಕ್ಕಳನ್ನ ನೋವಲ್ಲಿ ಒದ್ದಾಡಕ್ಕೆ ಬಿಡೋದು ನೋಡಿದ್ರೆ ನನಗೆ ಸಂಕಟ ಆಗತ್ತೆ, ಅದು ಸುಳ್ಳು. ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ಕೆಲಸ ಮಾಡೋದೇ ಆ ಪ್ರೊಸ್ಟಾಗ್ಲ್ಯಾಂಡಿನ್ ಕಮ್ಮಿ ಮಾಡಿ, ಅದಕ್ಕೇ ನೋವು ತಲೆಗೇರಿದ ಮೇಲೆ ತಗೊಳ್ಳೋದಕ್ಕಿಂತ ಶುರುವಾಗ್ತಿದ್ದ ಹಾಗೇ ಊಟ ಮಾಡಿ ತಗೊಂಡ್ರೆ ಚೆನ್ನಾಗಿ ಕೇಳತ್ತೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರೋರು ಕೇಳದೆ ತಗೋಬಾರ್ದು, ತಗೊಂಡ ಮೇಲೆ ಮೈಮೇಲೆ ಗಂದೆ ಎದ್ರೆ, ಜ್ವರ ಬಂದ್ರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ನೋವು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗ್ತಿದ್ರೆ, ಮುಟ್ಟಿಲ್ಲದ ದಿನಾನೂ ಇದ್ರೆ, ಮಲ ಹೋಗೋವಾಗ ಇಲ್ಲಾ ಗಂಡ ಹೆಂಡತಿ ಸೇರೋವಾಗ ನೋವಾಗ್ತಿದ್ರೆ ಅದು ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಆಚೆ ಬೆಳೆಯೋ ಕಾಯಿಲೆ) ಇರಬಹುದು, ಅದನ್ನ ಕಷಾಯದಲ್ಲಿ ಮುಂದೂಡ್ಬೇಡಿ. ಸ್ಕ್ಯಾನಿಂಗಲ್ಲಿ ಏನೂ ಕಾಣ್ಲಿಲ್ಲ ಅಂದ್ರೂ ಇರಬಹುದು. "ಮದುವೆ ಆದ್ರೆ ಸರಿ ಹೋಗತ್ತೆ" ಅಂದ್ರೆ ಬೇರೆ ಡಾಕ್ಟರ್ ನೋಡಿ.

ಕೆಲಸಕ್ಕೆ ಹೋಗೋರಿಗೆ: 2025ರ ಅಕ್ಟೋಬರಲ್ಲಿ ಕರ್ನಾಟಕ ಸಚಿವ ಸಂಪುಟ ತಿಂಗಳಿಗೊಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿದೆ, ನಿಮ್ಮ ಕಡೆ ಎಚ್‌ಆರ್ ಹತ್ರ ಕೇಳಿ.

ಹಂತ 5: ತಿಂಗಳು ತಿಂಗಳು ಬರದೇ ಇದ್ರೆ

ಈಗ ಎಲ್ಲರ ಬಾಯಲ್ಲೂ ಪಿಸಿಓಎಸ್, ಅಂದ್ರೆ ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆ ಆಗದೆ ಮುಟ್ಟು ತಪ್ಪೋ ತೊಂದರೆ. ಸ್ಕ್ಯಾನಿಂಗ್ ರಿಪೋರ್ಟಲ್ಲಿ ನೀರುಗುಳ್ಳೆ ಅಂತ ಬರೆದಿದ್ರೆ ಅದೊಂದರಿಂದಲೇ ಪಿಸಿಓಎಸ್ ಅಂತ ಹೇಳಕ್ಕಾಗಲ್ಲ. ಮುಟ್ಟು ಏರುಪೇರು, ಗಂಡು ಹಾರ್ಮೋನು ಜಾಸ್ತಿ ಇರೋ ಲಕ್ಷಣ (ಮುಖದ ಮೇಲೆ ಕೂದಲು, ಹೋಗದ ಮೊಡವೆ), ಸ್ಕ್ಯಾನಲ್ಲಿ ಗುಳ್ಳೆ, ಈ ಮೂರರಲ್ಲಿ ಎರಡಾದ್ರೂ ಇರ್ಬೇಕು, ಜೊತೆಗೆ ಥೈರಾಯ್ಡಿನಂಥ ಬೇರೆ ಕಾರಣ ಇಲ್ಲ ಅಂತ ನೋಡಿರ್ಬೇಕು. ಹದಿನೈದು ಹದಿನಾರರ ಹುಡುಗೀರಿಗೆ ಸ್ಕ್ಯಾನ್ ನೋಡಿ ಹೇಳೋದೇ ಸರಿಯಲ್ಲ, ಆ ವಯಸ್ಸಲ್ಲಿ ಆ ಗುಳ್ಳೆ ಸಹಜವಾಗೇ ಕಾಣತ್ತೆ.

ಪಿಸಿಓಎಸ್ ಇರೋ ಬಹಳಷ್ಟು ಜನಕ್ಕೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿರಲ್ಲ, ಇನ್ಸುಲಿನ್ ಜಾಸ್ತಿ ಆದಾಗ ಅಂಡಾಶಯ ಗಂಡು ಹಾರ್ಮೋನು ಜಾಸ್ತಿ ಮಾಡತ್ತೆ, ಅಂಡ ಸರಿಯಾಗಿ ಬಿಡುಗಡೆ ಆಗಲ್ಲ. ಹಾಗಾಗಿ ಮನೇಲಿ ಮಾಡೋ ಬದಲಾವಣೆ ಇಲ್ಲಿ ಔಷಧಿಯಷ್ಟೇ ಮುಖ್ಯ. ನಮ್ಮ ತಟ್ಟೆ ನೋಡಿ: ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು ಅನ್ನ ಮೊಸರು, ಸಂಜೆ ಬಿಸ್ಕತ್ತು ಸಕ್ಕರೆ ಟೀ, ರಾತ್ರಿ ಮತ್ತೆ ಅನ್ನ. ಅನ್ನ ಬಿಡಿ ಅಂತ ಹೇಳಲ್ಲ. ತಟ್ಟೆಯ ಅರ್ಧ ಪಲ್ಯ ಕೋಸಂಬರಿ, ಕಾಲು ಭಾಗ ಕಾಳು ಬೇಳೆ ಇಲ್ಲಾ ಮೊಟ್ಟೆ ಮೀನು, ಇನ್ನು ಕಾಲು ಭಾಗ ಅನ್ನ ಅಥವಾ ಮುದ್ದೆ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೀರಿ, ವಾರಕ್ಕೆ ಎರಡು ದಿನ ಬಸ್ಕಿ ಹೊಡೀರಿ ಇಲ್ಲಾ ಭಾರ ಎತ್ತಿ. ತೂಕ ಜಾಸ್ತಿ ಇರೋರು ಅದರ 5ರಿಂದ 10% ಇಳಿಸಿದ್ರೂ, ಅಂದ್ರೆ 70 ಕೆಜಿ ಇರೋರು ನಾಲ್ಕೈದು ಕೆಜಿ ಇಳಿಸಿದ್ರೂ, ಎಷ್ಟೋ ಜನಕ್ಕೆ ಮುಟ್ಟು ವಾಪಸ್ ಬರತ್ತೆ. ಸಣ್ಣಗಿರೋರಿಗೆ ಪಿಸಿಓಎಸ್ ಬರಲ್ಲ ಅಂತೇನಿಲ್ಲ, ಅವರು ತೂಕ ಇಳಿಸೋದು ಬೇಡ. ಮತ್ತೆ ಊಟ ಬಿಟ್ಟು ಡಯಟ್ ಮಾಡಿದ್ರೆ ಮುಟ್ಟು ಪೂರ್ತಿ ನಿಂತೇ ಹೋಗಬಹುದು, ಮೆದುಳು "ಈಗ ಬರಗಾಲ" ಅಂತ ಅಂಡ ಬಿಡೋದನ್ನೇ ನಿಲ್ಲಿಸ್ಬಿಡತ್ತೆ. ನೈಟ್ ಶಿಫ್ಟ್ ಮಾಡೋರು ಶಿಫ್ಟ್ ಬಿಡೋಕಾಗಲ್ಲ, ಗೊತ್ತು, ವಾರ ವಾರ ಶಿಫ್ಟ್ ಬದಲಾಗೋದಕ್ಕಿಂತ ಒಂದೇ ಶಿಫ್ಟ್ ಕೇಳಿ ನೋಡಿ, ಹಗಲು ಮಲಗೋ ರೂಮ್ ಕತ್ತಲೆ ಮಾಡ್ಕೊಳ್ಳಿ.

ಎಳ್ಳು, ಪಪ್ಪಾಯ, ಹುರುಳಿ ಕಷಾಯ ಉಷ್ಣ ಆಗಿ ಮುಟ್ಟು ಬರಿಸತ್ತೆ ಅಂತಾರೆ. ಊಟವಾಗಿ ತಿನ್ನಿ, ಬೇಡ ಅನ್ನಲ್ಲ, ಆದ್ರೆ ಅಂಡ ಬಿಡುಗಡೆ ಆಗದೆ ನಿಂತಿರೋ ಮುಟ್ಟಿಗೆ ಇವು ಉತ್ತರ ಅಲ್ಲ. ಅಗಸೆ, ಕುಂಬಳಬೀಜ ಹದಿನೈದು ದಿನ, ಎಳ್ಳು ಸೂರ್ಯಕಾಂತಿ ಹದಿನೈದು ದಿನ ಅನ್ನೋ ಸೀಡ್ ಸೈಕ್ಲಿಂಗಿಗೂ ಗಟ್ಟಿ ಆಧಾರ ಇಲ್ಲ, ಬೀಜ ಒಳ್ಳೇದು, ಯಾವ ದಿನ ಬೇಕಾದ್ರೂ ತಿನ್ನಿ. ಹೆಸರಿಲ್ಲದ ಡಬ್ಬಿಯ ಪುಡಿ, ಲೇಬಲ್ ಇಲ್ಲದ ಭಸ್ಮ ಮಾತ್ರ ಬೇಡವೇ ಬೇಡ, ಅಂಥದ್ದರಲ್ಲಿ ಸೀಸ ಪಾದರಸ ಸಿಕ್ಕಿರೋ ಉದಾಹರಣೆಗಳಿವೆ. ಆಯುರ್ವೇದ ಬೇಕಂದ್ರೆ ಬಿಎಎಂಎಸ್ ಓದಿರೋ ವೈದ್ಯರ ಹತ್ರ ಹೋಗಿ.

ಇದೊಂದು ಗಡುವು ನೆನಪಿಟ್ಕೊಳ್ಳಿ: 90 ದಿನ. ಮೂರು ತಿಂಗಳು ಮುಟ್ಟು ಬರ್ಲಿಲ್ಲ ಅಂದ್ರೆ ಮನೆಮದ್ದು ಮಾಡ್ತಾ ಕೂರ್ಬೇಡಿ. ಗರ್ಭಕೋಶದ ಒಳಪದರ ಉದುರದೆ ದಪ್ಪ ಆಗ್ತಾ ಹೋಗತ್ತೆ, ವರ್ಷಗಟ್ಟಲೆ ಹಾಗೇ ಬಿಟ್ರೆ ಅದು ಮುಂದೆ ಕ್ಯಾನ್ಸರಿಗೂ ದಾರಿ ಆಗಬಹುದು.

ಹಂತ 6: ಮುಟ್ಟಿಗೆ ಮುಂಚಿನ ವಾರ

ಅಳು, ಸಿಟ್ಟು, ಎದೆ ಭಾರ, ಮೈ ಊದೋದು. ಕ್ಯಾಲ್ಸಿಯಂ ಸರಿಯಾಗಿ ಸಿಕ್ರೆ ಈ ಲಕ್ಷಣ ಕಮ್ಮಿ ಆಗತ್ತೆ ಅಂತ ಪ್ರಯೋಗದಲ್ಲಿ ಕಂಡಿದೆ, ನಮಗೆ ರಾಗಿ, ಹಾಲು ಮೊಸರು, ಎಳ್ಳು ಇದ್ದೇ ಇದೆ. ಉಪ್ಪಿನಕಾಯಿ ಹಪ್ಪಳ ಆ ವಾರ ಕಮ್ಮಿ ಮಾಡಿ. ಆದ್ರೆ ಪ್ರತಿ ತಿಂಗಳು ಅದೇ ವಾರ ಸಾಯ್ಬೇಕು ಅನ್ನೋ ಯೋಚನೆ ಬರ್ತಿದ್ರೆ ಅದು ನಿಮ್ಮ ಸ್ವಭಾವ ಅಲ್ಲ, ಅದಕ್ಕೆ ಚಿಕಿತ್ಸೆ ಇದೆ, ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡ್ಬೇಕಿಲ್ಲ.

ಹಂತ 7: ಪ್ಯಾಡ್, ಬಟ್ಟೆ, ಕಪ್

ಯಾವುದಾದ್ರೂ ಸರಿ, ಸ್ವಚ್ಛ ಇದ್ರೆ ಸಾಕು. ಪ್ಯಾಡ್ ನಾಲ್ಕರಿಂದ ಆರು ಗಂಟೆಗೆ ಬದಲಾಯಿಸಿ, ಜನೌಷಧಿ ಕೇಂದ್ರದಲ್ಲಿ ಸುವಿಧಾ ಪ್ಯಾಡ್ ಒಂದಕ್ಕೆ ಒಂದು ರೂಪಾಯಿ. ಬಟ್ಟೆ ಬಳಸೋರು ಸೋಪಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ, ಸೀರೆ ಕೆಳಗೆ ಬಚ್ಚಿಟ್ಟು ಒಣಗಿಸಿದ್ರೆ ತೇವ ಉಳಿಯತ್ತೆ. ಕಪ್ 12 ಗಂಟೆಯೊಳಗೆ ಖಾಲಿ ಮಾಡ್ಬೇಕು, ಮುಟ್ಟು ಮುಗಿದ ಮೇಲೆ ಐದು ನಿಮಿಷ ನೀರಲ್ಲಿ ಕುದಿಸ್ಬೇಕು. ಒಳಗೆ ಸೋಪು, ಸೆಂಟಿನ ವಾಶ್ ಏನೂ ಹಾಕ್ಬೇಡಿ. ಕೆಲಸದ ಜಾಗದಲ್ಲಿ ಟಾಯ್ಲೆಟ್ಟಿಗೆ ಹೋಗೋದು ಕಷ್ಟ ಅಂತ ನೀರೇ ಕುಡಿಯದೆ ಇರೋ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಎಷ್ಟೋ ಜನ ಇದಾರೆ, ಉರಿಮೂತ್ರ ಅಲ್ಲಿಂದಲೇ ಶುರು ಆಗತ್ತೆ, ನೀರು ಬಿಡ್ಬೇಡಿ.

ಹಂತ 8: ಹಬ್ಬಕ್ಕೆ ಮುಂದೂಡೋ ಮಾತ್ರೆ

ಗೌರಿ ಹಬ್ಬ, ಗೃಹಪ್ರವೇಶ, ಮದುವೆ ಬಂದ್ರೆ ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋ ಮಾತ್ರೆ ನೊರೆಥಿಸ್ಟರೋನ್, ಅದೇ ಒಂದು ಹಾರ್ಮೋನು. ಸಾಮಾನ್ಯವಾಗಿ ಮುಟ್ಟು ಬರೋ ಮೂರು ದಿನ ಮುಂಚೆ ಶುರು ಮಾಡ್ಬೇಕು, ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರತ್ತೆ. ಅಪರೂಪಕ್ಕೆ ಡಾಕ್ಟರ್ ಕೇಳಿ ತಗೊಂಡ್ರೆ ತೊಂದ್ರೆ ಇಲ್ಲ, ಆದ್ರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇದ್ರೆ, ಲಿವರ್ ತೊಂದರೆ ಇದ್ರೆ, ಗರ್ಭದ ಅನುಮಾನ ಇದ್ರೆ ತಗೋಬಾರ್ದು. ಶ್ರಾವಣದಿಂದ ದಸರಾವರೆಗೆ ಹಬ್ಬಕ್ಕೊಂದ್ಸಲ ತಗೊಂಡು ಆಮೇಲೆ ಡೇಟ್ ಏರುಪೇರಾಯ್ತು ಅಂತ ಕಷಾಯ ಹುಡುಕೋರನ್ನ ನೋಡಿದೀನಿ. ಮಾತ್ರೆ ತಗೊಂಡ ತಿಂಗಳನ್ನ ಕ್ಯಾಲೆಂಡರಲ್ಲಿ ಗುರುತು ಹಾಕಿ. ಅದಕ್ಕಿಂತ, ಮುಟ್ಟಾದೋಳು ಮನೇಲಿ ಓಡಾಡ್ಕೊಂಡಿರ್ಲಿ ಅಂತ ಮನೆಯವರು ಹೇಳಿದ್ರೆ ಆ ಮಾತ್ರೆಯೇ ಬೇಕಾಗಲ್ಲ.

ಹಂತ 9: ಡಾಕ್ಟರ್ ಹತ್ರ ಯಾವಾಗ, ಹೇಗೆ

ಗಂಟೆಗೊಂದು ಪ್ಯಾಡ್ ತುಂಬ್ತಾ ಎರಡು ಮೂರು ಗಂಟೆ ಆದ್ರೆ, ತಲೆಸುತ್ತಿ ಬಿದ್ರೆ, ಗರ್ಭಿಣಿ ಇರಬಹುದು ಅನ್ನೋವಾಗ ಹೊಟ್ಟೆ ಒಂದು ಕಡೆ ವಿಪರೀತ ನೋವಾದ್ರೆ ಅದೇ ದಿನ, ರಾತ್ರಿಯಾದ್ರೂ ಹೋಗಿ. ಎರಡು ಮುಟ್ಟಿನ ಮಧ್ಯೆ ಇಲ್ಲಾ ಸೇರಿದ ಮೇಲೆ ರಕ್ತ ಕಂಡ್ರೆ, ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಒಂದು ಹನಿ ಕಂಡ್ರೂ, ಹುಡುಗಿಗೆ 15 ತುಂಬಿದ್ರೂ ಮೈನೆರೀದೇ ಇದ್ರೆ ಅದೇ ವಾರ ತೋರಿಸಿ.

ಹೋಗೋವಾಗ ಕ್ಯಾಲೆಂಡರ್ ತಗೊಂಡು ಹೋಗಿ. "ತುಂಬಾ ಬ್ಲೀಡಿಂಗ್ ಆಗತ್ತೆ" ಅಂದಾಗ ನನಗೆ ಒಂದು ಕಡೆ "ಎಲ್ಲರಿಗೂ ಆಗತ್ತೆ" ಅಂದು ಕಳಿಸಿದ್ರು. ಮುಂದಿನ ಸಲ ಇನ್ನೊಬ್ಬ ಡಾಕ್ಟರ್ ಮುಂದೆ ಮೂರು ತಿಂಗಳ ಪಟ್ಟಿ ಇಟ್ಟೆ, ಒಂಬತ್ತು ದಿನ, ಎರಡನೇ ದಿನ ಹನ್ನೊಂದು ಪ್ಯಾಡ್, ಗಡ್ಡೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಓದಿದ್ರು, ರಕ್ತ ಹೋಗೋದನ್ನ ಕಮ್ಮಿ ಮಾಡೋ ಟ್ರಾನೆಕ್ಸಾಮಿಕ್ ಆಸಿಡ್ ಮತ್ತೆ ಕಬ್ಬಿಣ ಬರೆದ್ರು, ಥೈರಾಯ್ಡ್ ಟೆಸ್ಟ್ ಬರೆದ್ರು, ಅದರಲ್ಲೇ ಕಾರಣ ಸಿಕ್ತು.

ಗರ್ಭಕೋಶ ತೆಗೆಸಿ ಅಂತ ಮೊದಲ ಭೇಟೀಲೇ ಹೇಳಿದ್ರೆ ಅವತ್ತೇ ಒಪ್ಕೋಬೇಡಿ. ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನ ತಡೆಯೋಕೆ ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ಮಾಡಿದೆ, ಅದನ್ನ ಎಲ್ಲಾ ರಾಜ್ಯಗಳೂ ಜಾರಿ ಮಾಡ್ಬೇಕು ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿದೆ. ಕ್ಯಾನ್ಸರ್ ಅಲ್ಲದ ಎಷ್ಟೋ ತೊಂದರೆಗೆ ಮಾತ್ರೆ ಇದೆ, ಗರ್ಭಕೋಶದೊಳಗೆ ಹಾಕೋ ಹಾರ್ಮೋನ್ ಕಾಯಿಲ್ ಇದೆ, ಫೈಬ್ರಾಯ್ಡ್ ಗಡ್ಡೆ ಒಂದನ್ನೇ ತೆಗೆಯೋದೂ ಇದೆ. ಹಾಗಾಗಿ ನಾಲ್ಕು ಪ್ರಶ್ನೆ ಚೀಟೀಲಿ ಬರ್ಕೊಂಡು ಹೋಗಿ ಕೇಳಿ: ನನಗೆ ಏನಾಗಿದೆ ಅಂತ ಯಾವ ಟೆಸ್ಟಲ್ಲಿ ಗೊತ್ತಾಯ್ತು, ಮಾತ್ರೆ ಇಲ್ಲಾ ಕಾಯಿಲ್ ಹಾಕಿ ಮೊದಲು ನೋಡ್ಬಹುದಾ, ಮೂರು ತಿಂಗಳು ಕಾದ್ರೆ ಏನಾಗತ್ತೆ, ಅಂಡಾಶಯ ಉಳಿಸ್ತೀರಾ. ಉತ್ತರವನ್ನ ಅದೇ ಚೀಟೀಲಿ ಬರ್ಕೊಂಡು, ರಿಪೋರ್ಟ್ ಎಲ್ಲಾ ವಾಪಸ್ ಇಸ್ಕೊಂಡು, ಇನ್ನೊಬ್ಬ ಡಾಕ್ಟರಿಗೆ ತೋರಿಸಿ.